ಮುಂದಿನ ಕುರ್ಚಿಯಲ್ಲಿ ಅತ್ತಿಗೆ

ಅಣ್ಣ ಡಾರ್ಸಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅಕ್ಟೋಬರಿನ ಒಂದು ಬೆಳಿಗ್ಗೆ ಅತ್ತಿಗೆ ಲಿಯೋಟಾ ನನ್ನ ಕೊಟ್ಟಿಗೆಗೆ ಬಂದು, ಮೂಲೆಯಲ್ಲಿ ಕವುಚಿ ಹಾಕಿದ್ದ ಮರದ ದೋಣಿಯನ್ನು ಊರುಗೋಲಿನಿಂದ ತಟ್ಟಿ ನೋಡಿದಳು.

"ಹರ್ಷೆಲ್, ಇದು ಇನ್ನೂ ತೇಲುತ್ತೇನೋ?"

"ನೀರಲ್ಲಿ ನೆನೆಹಾಕಿದ್ರೆ ಹಲಗೆ ಉಬ್ಬಿ ಸಂದು ಮುಚ್ಕೊಳ್ಳುತ್ತೆ. ಯಾಕೆ ಅತ್ತಿಗೆ?"

"ನನ್ನನ್ನ ಹೊಳೆಗೆ ಕರ್ಕೊಂಡು ಹೋಗು. ಅಡುಗೆಯವಳಾಗಿ ಅಲ್ಲ, ಗಿರಾಕಿಯಾಗಿ."

ಪಟ್ಟಣದ ಜನರನ್ನು ಇಲೆವೆನ್ ಪಾಯಿಂಟ್ ಹೊಳೆಯಲ್ಲಿ ಮೀನು ಹಿಡಿಯಲು ಕರೆದೊಯ್ಯುವುದು ಒಂದು ಕಾಲಕ್ಕೆ ನಮ್ಮ ಮನೆಯ ಕಸುಬು. ಗಿರಾಕಿಗಳನ್ನು ದೋಣಿಯ ಮುಂದಿನ ಮಡಚುಕುರ್ಚಿಯಲ್ಲಿ ಕೂರಿಸಿ ನಾನು ಮಡುವಿನಿಂದ ಮಡುವಿಗೆ ನಿಧಾನವಾಗಿ ತೇಲುತ್ತಿದ್ದೆ. ಡೇರೆ, ಬಾಣಲೆ, ಹಿಟ್ಟಿನ ಚೀಲ ಹೇರಿದ ಸಾಮಾನು ದೋಣಿಯಲ್ಲಿ ಅಣ್ಣ, ಅತ್ತಿಗೆ ಮುಂದೆ ಹೋಗಿಬಿಡುತ್ತಿದ್ದರು. ಸಂಜೆ ನಾವು ಬೆಣಚುಕಲ್ಲಿನ ದಿಣ್ಣೆ ಮುಟ್ಟುವಷ್ಟರಲ್ಲಿ ಒಲೆ ಉರಿಯುತ್ತಿರಬೇಕು. ಅಷ್ಟು ವರ್ಷ ಹೊಳೆಯ ಮೇಲೆ ಓಡಾಡಿದ ಅತ್ತಿಗೆ ಒಮ್ಮೆಯೂ ಗಾಳ ಹಾಕಿರಲಿಲ್ಲ. ಆಮೇಲೆ ಬಾಡಿಗೆ ದೋಣಿಗಳು ಬಂದವು, ಪಟ್ಟಣದವರು ತಾವೇ ಹುಟ್ಟು ಹಾಕುವುದನ್ನು ಕಲಿತರು. ನಮ್ಮ ಕಸುಬು ನಿಂತುಹೋಯಿತು.

ಹೊರಟ ದಿನ ಹೊಳೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಸಿಕಮೋರ್ ಮರಗಳ ಹಳದಿ ಎಲೆಗಳು ನಮ್ಮ ಜೊತೆಗೇ ತೇಲುತ್ತಿದ್ದವು. ಅತ್ತಿಗೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಥರ್ಮಾಸಿನ ಕಾಫಿ ಹೀರಿದಳು.

"ಇದೇನೋ ಇದು, ಕಲಗಚ್ಚು ಇದ್ದ ಹಾಗಿದೆ. ಹಿಂದಿನ ಅಡುಗೆಯವಳು ಎಷ್ಟೋ ಚೆನ್ನಾಗಿ ಮಾಡ್ತಿದ್ಳು."

"ಅವಳ ಬಾಯಿ ಜೋರಿತ್ತು ಮೇಡಂ, ಬಿಡಿಸಿಬಿಟ್ವಿ. ತಾವು ಸ್ವಲ್ಪ ದಾರದ ಕಡೆ ಗಮನ ಕೊಡಿ."

ಅವಳು ನಕ್ಕು ತಿರುಗುವಷ್ಟರಲ್ಲೇ ಗಾಳದ ಕೋಲು ಬಾಗಿತು.

"ಹರ್ಷೆಲ್! ಬಂಡೆಗೆ ಸಿಕ್ಕಿಕೊಂಡಿತು ಕಣೋ!"

"ಬಂಡೆ ಹೀಗೆ ಓಡುತ್ತಾ ಅತ್ತಿಗೆ? ಎಳೀಬೇಡ, ದಾರ ಬಿಡು! ಬಿಡು ಅಂದ್ರೆ!"

ಕಂಚಿನ ಬಣ್ಣದ ಬಾಸ್ ಮೀನು ನೀರಿನಿಂದ ಮೇಲೆ ಚಿಮ್ಮಿ ಬಿತ್ತು. ಕೊನೆಗೆ ಅದನ್ನು ದೋಣಿಗೆ ಎತ್ತಿಕೊಂಡಾಗ ಅತ್ತಿಗೆ ಬಗ್ಗಿ ಅದರ ಬೆನ್ನು ಸವರಿದಳು. "ಇಷ್ಟು ವರ್ಷ ಬರೀ ಸತ್ತ ಮೀನು ಕರಿದಿದ್ದೀನಲ್ಲೋ," ಎಂದಳು.

ಮಧ್ಯಾಹ್ನ ಸುಣ್ಣಕಲ್ಲಿನ ಎತ್ತರದ ಗೋಡೆಯೊಂದರ ಕೆಳಗೆ ಹೋಗುವಾಗ ಅವಳು ಇದ್ದಕ್ಕಿದ್ದಂತೆ ಕೈ ಎತ್ತಿದಳು. "ಎಡಕ್ಕೆ ತಿರುಗಿಸು."

ಅಲ್ಲಿ ಪೊದೆಗಳ ನಡುವೆ ಒಂದು ಕಿರುಗಾಲುವೆ ಇತ್ತು. ನಾನು ಅದರ ಮುಂದೆ ಲೆಕ್ಕವಿಲ್ಲದಷ್ಟು ಸಲ ಹಾದುಹೋಗಿದ್ದೆ, ಒಳಗೆ ಹೊಕ್ಕವನಲ್ಲ. ಹುಟ್ಟಿನಿಂದ ಕೊಂಬೆ ಸರಿಸಿ ಒಳಗೆ ಹೋದರೆ, ಬಂಡೆಯ ಬುಡದಿಂದ ಒಂದು ಊಟೆ ಉಕ್ಕುತ್ತಿತ್ತು. ನೀರು ತಳದ ಹರಳು ಕಾಣುವಷ್ಟು ತಿಳಿ.

"ನಿಮ್ಮಣ್ಣ ಪ್ರತಿ ಸಲ ದೋಣೀನ ಇಲ್ಲಿಗೆ ತರ್ತಿದ್ದ," ಎಂದಳು ಅತ್ತಿಗೆ. "ಬೂಟು ಬಿಚ್ಚಿ ನೀರಲ್ಲಿ ಕಾಲು ಇಳಿಬಿಟ್ಟು ಕೂರ್ತಿದ್ವಿ. ಮನೇಲಿ ಅತ್ತೆ, ಮಾವ, ಮಕ್ಕಳು, ಸಾಲದ್ದಕ್ಕೆ ನೀನು. ನಮಗೆ ಅಂತ ಇದ್ದದ್ದು ಇದೊಂದೇ ಜಾಗ."

"ಓಹೋ, ಅದಕ್ಕೇ ಊಟ ಯಾವಾಗ್ಲೂ ತಡ ಆಗ್ತಿತ್ತು! ಸೌದೆ ಹಸಿ ಇತ್ತು ಅಂತ ನೀವು ಹೇಳೋದು, ನಾನು ಗಿರಾಕಿಗಳ ಹತ್ರ ಬೈಸ್ಕೊಳ್ಳೋದು."

"ಸೌದೆ ಒಣಗಿಯೇ ಇರ್ತಿತ್ತು ಕಣೋ."

ಅಣ್ಣ ಮಾತು ಕಡಿಮೆಯ ಮನುಷ್ಯ. ಊಟದ ಹೊತ್ತಿನಲ್ಲೂ ಉಪ್ಪು ಬೇಕಾದರೆ ಬೆರಳು ತೋರಿಸುತ್ತಿದ್ದವನು. "ಇಬ್ಬರೂ ಸುಮ್ಮನೆ ಕೂರ್ತಿದ್ರಾ?" ಎಂದು ಕೇಳಿದೆ.

"ಸುಮ್ಮನೆಯಾ? ಇಲ್ಲಿಗೆ ಬಂದ್ರೆ ಅವನ ಬಾಯಿ ಮುಚ್ಚಿಸೋಕೇ ಆಗ್ತಿರ್ಲಿಲ್ಲ."

ಅವಳು ಬೂಟು ಬಿಚ್ಚತೊಡಗಿದಳು. ಕೈ ಹಿಡಿದು ಅವಳನ್ನು ಬಂಡೆಯ ಮೇಲೆ ಕೂರಿಸಿ, ನಾನು ದೋಣಿಯನ್ನು ಕಾಲುವೆಯ ಬಾಯಿಗೆ ತಂದುಕೊಂಡು ಗಾಳ ಹಾಕಿದಂತೆ ನಟಿಸುತ್ತ ನಿಂತೆ. ಒಳಗಿನಿಂದ ಅವಳ ದನಿ ಆಗೊಮ್ಮೆ ಈಗೊಮ್ಮೆ ಕೇಳುತ್ತಿತ್ತು. ಯಾರ ಜೊತೆ ಮಾತಾಡುತ್ತಿದ್ದಾಳೆಂದು ನಾನು ಕೇಳಲಿಲ್ಲ. ಅವಳು ಕರೆಯುವವರೆಗೆ ಕಾದೆ.

ಸಂಜೆ ದಿಣ್ಣೆಗೆ ದೋಣಿ ಹಚ್ಚಿ, ಮೀನನ್ನು ಹುರಿಗೆ ಪೋಣಿಸಿ ನೀರಲ್ಲಿ ಬಿಟ್ಟು ಬೆಂಕಿ ಹೊತ್ತಿಸಿದೆ. ಬಾಣಲೆಯಲ್ಲಿ ಹಂದಿಕೊಬ್ಬು ಕರಗುತ್ತಿರುವಾಗ ದಡದಲ್ಲಿ ಬುಳಕ್ ಎಂದಿತು. ನೀರುನಾಯಿಯೊಂದು ಹುರಿಸಮೇತ ಮೀನನ್ನು ಎಳೆದೊಯ್ದು, ಎದುರಿನ ದಿಮ್ಮಿಯ ಮೇಲೆ ಕೂತು ತಲೆಯಿಂದಲೇ ತಿನ್ನಲು ಶುರುಮಾಡಿತು. ನಾನು ಕಲ್ಲು ಎತ್ತಿಕೊಂಡೆ. ಅತ್ತಿಗೆ ನನ್ನ ತೋಳು ಹಿಡಿದಳು.

"ಬಿಡೋ. ನಮ್ಮ ಕಾಲದಲ್ಲಿ ಒಂದಾದ್ರೂ ಇತ್ತಾ?"

ಇರಲಿಲ್ಲ. ಚರ್ಮದ ಆಸೆಗೆ ಅಜ್ಜಂದಿರು ಅವನ್ನೆಲ್ಲ ಮುಗಿಸಿಬಿಟ್ಟಿದ್ದರು. ನಮ್ಮ ಕಸುಬು ನಿಂತ ಮೇಲೆ ಯಾರೋ ಎಲ್ಲಿಂದಲೋ ತಂದು ಮತ್ತೆ ಹೊಳೆಗೆ ಬಿಟ್ಟಿದ್ದರು.

"ಡಾರ್ಸಿ ಇದನ್ನ ನೋಡ್ಲೇ ಇಲ್ಲ ಅಲ್ವೇನೋ," ಎಂದಳು ಮೆಲ್ಲಗೆ. ನೀರುನಾಯಿ ಮೀಸೆ ಒರೆಸಿಕೊಂಡು ನೀರಿಗೆ ಜಾರುವವರೆಗೂ ಇಬ್ಬರೂ ನಿಂತು ನೋಡಿದೆವು. ಆಮೇಲೆ ಆಲೂಗಡ್ಡೆ, ಈರುಳ್ಳಿ ಹುರಿದುಕೊಂಡು ತಿಂದೆವು.

ಮರುದಿನ ಸೇತುವೆಯ ಬಳಿ ಇಳಿಯುವಾಗ ಅತ್ತಿಗೆ, "ಜೂನಿನಲ್ಲಿ ನೀರು ಚೆನ್ನಾಗಿರುತ್ತೆ," ಎಂದಳು. ಜೂನಿನಲ್ಲೂ ಹೋದೆವು. ಆ ಸಲ ಒಂದು ಮೀನೂ ಬೀಳಲಿಲ್ಲ. ಆದರೆ ದಿಮ್ಮಿಯಿಂದ ನೀರಿಗೆ ಇಳಿಯಲು ಹೆದರಿ ಕಿರುಚುತ್ತಿದ್ದ ಮೂರು ನೀರುನಾಯಿ ಮರಿಗಳನ್ನು ಕಂಡೆವು. ತಾಯಿ ಒಂದೊಂದನ್ನೇ ಕುತ್ತಿಗೆ ಕಚ್ಚಿ ನೀರಿಗೆ ಎಳೆಯುತ್ತಿತ್ತು.