ಪೂರ್ತಿ ಸುತ್ತು

ಅರವತ್ತು ದಾಟಿದವರ ಆ ಓಟದ ಬಳಗದಲ್ಲಿ ಹೆಂಗಸೆಂದರೆ ಟೈಲರಕ್ಕ ಒಬ್ಬಳೇ. ಭಾನುವಾರದ ಓಟ ಮುಗಿಯುವುದು ಅವಳ ಮನೆಯ ಗೇಟಿನಲ್ಲಿ. ಬಂದವರಿಗೆಲ್ಲ ಬಿಸಿ ಟೀ ಸಿದ್ಧವಿರಬೇಕು. ಅದಕ್ಕೇ ಅವಳು ಸೇತುವೆ ತನಕ ಮಾತ್ರ ಓಡಿ, ಒಲೆ ಹಚ್ಚಲು ಹಿಂದಕ್ಕೆ ಧಾವಿಸುತ್ತಿದ್ದಳು. ಪೂರ್ತಿ ಸುತ್ತು ಅವಳ ಕಾಲಿಗೆ ಒಮ್ಮೆಯೂ ದಕ್ಕಿರಲಿಲ್ಲ. ಸಮಾನತೆಯ ಬಗ್ಗೆ ಭಾಷಣ ಬಿಗಿಯುವ ಗಂಡ, ನಿವೃತ್ತ ಡ್ರಿಲ್ ಮೇಷ್ಟ್ರು, ಇದನ್ನು ‘ವ್ಯವಸ್ಥೆ’ ಎನ್ನುತ್ತಿದ್ದರು.

ಈ ಭಾನುವಾರ ಸೇತುವೆ ಬಂದರೂ ಅವಳು ತಿರುಗಲಿಲ್ಲ.

“ಏನೇ, ತಿರುಗೋದು ಮರೆತ್ಯಾ?” ಮೇಷ್ಟ್ರು ಏದುಸಿರು ಬಿಡುತ್ತ ಕೇಳಿದರು.

“ಮರೆತಿಲ್ಲ. ಇವತ್ತು ಪೂರ್ತಿ ಓಡ್ತೀನಿ. ಸಾಕಾಗಿ ಹೋಗಿದೆ ನಂಗೆ.”

“ಮತ್ತೆ ಟೀ ಯಾರಿಡ್ತಾರೆ?”

“ಗೇಟು ಯಾರು ಮೊದಲು ಮುಟ್ತಾರೋ ಅವರು. ವಾರವಾರವೂ ನಾನೇ ಫಸ್ಟು ನಾನೇ ಫಸ್ಟು ಅಂತ ಕಿತ್ತಾಡ್ತೀರಲ್ಲ, ಈಗ ಓಡಿ ನೋಡೋಣ.”

ಅಷ್ಟೇ, ಇಡೀ ಬಳಗದ ಕಾಲು ಸೋತುಹೋಯಿತು. ಶೂ ಲೇಸು ಕಟ್ಟಲು ಕೂತ ಡ್ರೈವರಣ್ಣ ಏಳಲೇ ಇಲ್ಲ. ಮೇಷ್ಟ್ರಿಗೆ ಮಂಡಿ ಹಿಡಿಯಿತು. ಮೇಷ್ಟ್ರ ತಮ್ಮ, ಹಳೇ ಬ್ಯಾಂಕ್ ಮ್ಯಾನೇಜರು, ದೊಡ್ಡ ಮನಸ್ಸು ಮಾಡಿ ದಾರಿ ಬಿಟ್ಟರು.

“ನೀವೇ ಮುಂದೆ ಹೋಗಿ ಅತ್ತಿಗೆ. ಹೆಣ್ಣುಮಕ್ಕಳಿಗೆ ಮೊದಲ ಆದ್ಯತೆ.”

“ಆಯ್ತು ಕಣಪ್ಪ, ಹೋಗ್ತೀನಿ” ಎಂದು ಅವಳು ಎಲ್ಲರನ್ನೂ ದಾಟಿ ಓಡಿದಳು. ಅವಳು ದಾಟಿದ್ದೇ ತಡ, ಹಿಂದಿನ ಮಂಡಿಗಳೆಲ್ಲ ವಾಸಿಯಾದವು.

ಮನೆಯ ಗೇಟು ಬಂತು. ಟೈಲರಕ್ಕ ಅದರ ಕಡೆ ಕೈಯೂ ಚಾಚದೆ, ಎರಡನೆಯ ಸುತ್ತಿಗೆ ಹೊರಟಳು.