ನೀಲಿ ತುಂಡಿನ ಮೇಲೆ ಬೆರಳು

ಬೆರಳು ಮತ್ತೆ ಅಲ್ಲಿಗೇ ಹೋಯಿತು, ಈಗಷ್ಟೇ ಎತ್ತಿ ಹೊಟ್ಟೆಯ ಮೇಲೆ ಇಟ್ಟಿದ್ದೆ, ಈ ಎಡಗೈ ಒಂದೇ ಇವರ ಮಾತು ಕೇಳುವುದು, ಬಲಗೈ ಪಾರ್ಶ್ವವಾಯು ಬಡಿದ ಮೇಲೆ ದಿಂಬಿನ ಪಕ್ಕ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದಿದೆ, ಕತ್ತರಿ ಹಿಡಿಯುತ್ತಿದ್ದ ಕೈ ಅದೇ — ಎಡಗೈಯ ತೋರುಬೆರಳು ಕೌದಿಯ ಮೇಲೆ ತೆವಳಿ, ಹಳದಿ ಹೂವಿನ ತುಂಡು ದಾಟಿ, ಕೆಂಪು ಚೌಕಳಿ ದಾಟಿ, ಆ ನೀಲಿಯ ಮೇಲೆ ನಿಲ್ಲುತ್ತದೆ, ಒತ್ತುತ್ತದೆ, ಹ್ಞ, ಹ್ಞ, ಬಾಯಿಂದ ಬರುವುದು ಅಷ್ಟೇ, ಏನ್ರೀ, ಚಳಿನಾ, ಸೆಕೆನಾ, ಕೌದಿ ತೆಗೀಲಾ, ತೆಗೆಯಹೋದರೆ ಕಣ್ಣು ಕೆಂಪಗೆ ಮಾಡುತ್ತಾರೆ, ಹೊದಿಸಿದರೆ ಬೆರಳು ಅಲ್ಲಿಗೇ. ಒಳಗೆ ಎಲ್ಲ ಇದೆಯಮ್ಮ, ಮಾತಿನ ದಾರಿ ಮುಚ್ಚಿದೆ ಅಷ್ಟೆ ಅಂದರು ಡಾಕ್ಟರು, ಒಳಗೆ ಎಲ್ಲ ಇದೆಯಂತೆ, ಹೊರಗಿರುವ ನನಗೆ ಒಂದೂ ಗೊತ್ತಾಗುತ್ತಿಲ್ಲ, ಇಷ್ಟು ವರ್ಷ ಇವರು ಕತ್ತರಿಸಿದ್ದನ್ನು ನಾನು ಹೊಲಿದೆ, ಹುಬ್ಬು ಎತ್ತಿದರೆ ಗುಂಡಿ ಕೊಡು ಅಂತ, ಗಂಟಲು ಕೆರೆದರೆ ಗಿರಾಕಿ ಜುಗ್ಗ ಅಂತ, ಅಷ್ಟು ಬರುತ್ತಿತ್ತು ನನಗೆ, ಈಗ ಒಂದು ಬೆರಳು, ಒಂದು ನೀಲಿ ತುಂಡು, ಏನೂ ಹೊಳೆಯುತ್ತಿಲ್ಲ. ಯಾರ ಬಟ್ಟೆ ಇದು? ಕಪ್ಪಿಗೆ ತಿರುಗುವ ನೀಲಿ, ಕೂದಲೆಳೆಯಷ್ಟು ಸಣ್ಣ ಬಿಳಿ ಗೆರೆ. ಆಸ್ಪತ್ರೆಯ ವರಾಂಡದಲ್ಲಿ ಕೂತು ಹೊಲಿದ ಕೌದಿ, ಅಂಗಡಿಯ ಮೇಜಿನ ಕೆಳಗಿದ್ದ ಚೂರಿನ ಚೀಲ ಹಾಗೇ ಎತ್ತಿಕೊಂಡು ಹೋಗಿದ್ದೆ, ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುತ್ತಿರಲಿಲ್ಲ, ಅಂಚಿನ ಪಟ್ಟಿ, ತೋಳು ಕತ್ತರಿಸಿ ಉಳಿದ ಮೂಲೆ, ಸಿಕ್ಕಿದ್ದು ಸಿಕ್ಕ ಹಾಗೆ, ಮಿಣುಕು ದೀಪ, ನರ್ಸಮ್ಮ ಹಾದುಹೋಗುವಾಗಲೆಲ್ಲ ಯಾರಿಗಮ್ಮ ಇದು, ಮೊಮ್ಮಗೂಗಾ, ಅನ್ನುವಳು, ಹ್ಞೂಂ ಕಣಮ್ಮ, ಒಳಗೆ ಮಲಗಿದೆಯಲ್ಲ, ಆ ಮಗೂಗೇ ಅನ್ನುತ್ತಿದ್ದೆ.

ಬ್ಯಾಂಕಿನವರ ಪ್ಯಾಂಟಿನದಿರಬೇಕು, ಹೊಟ್ಟೆ ಬಂದು ಸೊಂಟದ ಹೊಲಿಗೆ ಬಿಚ್ಚಿಸಲು ಬರುತ್ತಿದ್ದರಲ್ಲ, ಅವರದೇನಾದರೂ ಕೆಲಸ ಬಾಕಿ ಉಳಿಯಿತೇ, ರೀ, ಬ್ಯಾಂಕಿನವರದಾ — ಹ್ಞ. ಗುಂಗುರು ಕೂದಲಿನ ಟೀಚರಮ್ಮನ ಜಾಕೀಟಿನದೇ, ಅಳತೆ ಕೊಡುವಾಗ ಅಷ್ಟೊಂದು ನಗುತ್ತಿದ್ದಳು, ಅಳತೆಯಲ್ಲಿ ನಗುವಂಥದ್ದು ಏನಿರುತ್ತದೆ, ಟೀಚರಮ್ಮನದಾ ಅಂತ ಕೇಳಲು ನಾಲಗೆ ಹೊರಳಲಿಲ್ಲ, ಆಮೇಲೆ ಕೇಳಿಯೇಬಿಟ್ಟೆ — ಹ್ಞ, ಅದೇ ಹ್ಞ, ಹೆಚ್ಚಿಲ್ಲ ಕಡಿಮೆಯಿಲ್ಲ, ಸಮಾಧಾನವಾಯಿತೋ ಹೊಟ್ಟೆ ಉರಿಯಿತೋ. ನಾದಿನಿ ಬಂದು ಕೂತಿದ್ದಳು, ಅಣ್ಣನನ್ನು ನೋಡಲು ಬಂದವಳು ಅಣ್ಣನನ್ನು ಬಿಟ್ಟು ಕೌದಿಯನ್ನು ನೋಡಿದಳು, ಈ ಹಳದಿ ಹೂವು ನನ್ನ ರವಿಕೆ ಬಟ್ಟೆ ಅಲ್ವಾ ಅತ್ತಿಗೆ, ಒಂದು ಚೂರೂ ಉಳೀಲಿಲ್ಲ ಅಂದಿದ್ದ ನಮ್ಮಣ್ಣ, ಅಕ್ಕಸಾಲಿ ಅಕ್ಕನ ಚಿನ್ನ ಬಿಡಲ್ಲ, ದರ್ಜಿ ತಂಗಿ ರವಿಕೆ ಬಿಡಲ್ಲ, ನಕ್ಕಳು, ನಗುತ್ತಲೇ ಮೂಗು ಒರೆಸಿಕೊಂಡಳು, ಬೆರಳು ನೀಲಿಗೆ ಹೋಯಿತು, ಅಯ್ಯೋ ಅತ್ತಿಗೆ, ನಿಮಗೆ ಗೊತ್ತಾಗಲಿಲ್ವಾ, ಇದು ತಮ್ಮನ ಕೋಟಿನ ಬಟ್ಟೆ, ಅವನನ್ನ ಕರೀತಿದ್ದಾನೆ ನಮ್ಮಣ್ಣ, ಜೀವ ಹಿಡ್ಕೊಂಡಿರೋದೇ ಅದಕ್ಕೆ. ಮೈದುನನ ಕೋಟು ಬೂದಿ ಬಣ್ಣದ್ದಲ್ಲವೇ? ನೀಲಿಯೇ? ಇವರೇ ಹೊಲಿದುಕೊಟ್ಟಿದ್ದರು, ಆ ಕೋಟು ಹಾಕಿಕೊಂಡೇ ಅವನು ನಮ್ಮ ಅಂಗಡಿಯ ಎದುರಿಗೆ ರೆಡಿಮೇಡ್ ಬಟ್ಟೆಯ ಅಂಗಡಿ ತೆರೆದ, ಅವತ್ತು ನಿಂತ ಮಾತು ನಿಂತೇಹೋಯಿತು, ರಸ್ತೆಯ ಆಚೆಗೊಬ್ಬ ಈಚೆಗೊಬ್ಬ, ಷಟರ್ ಎತ್ತುವಾಗ ಇಬ್ಬರೂ ಆಕಾಶ ನೋಡುವುದು. ಬಣ್ಣ ನೆನಪಾಗುತ್ತಿಲ್ಲ ನನಗೆ, ಬೂದಿ ಅಂದುಕೊಂಡರೆ ಬೂದಿ, ನೀಲಿ ಅಂದುಕೊಂಡರೆ ನೀಲಿ, ಕರೆಸು ಮಾರಾಯ್ತಿ, ಕರೆಸು, ಅಂದೆ.

ಬಂದ, ಬೆಳಿಗ್ಗೆ ತಾನೇ, ಚಪ್ಪಲಿ ಬಿಡುವುದನ್ನೂ ಮರೆತು ಮಂಚದ ಹತ್ತಿರ ನಿಂತ, ಬೊಕ್ಕತಲೆ, ನಮ್ಮ ಮೈದುನನಿಗೆ ಯಾವಾಗ ವಯಸ್ಸಾಯಿತು, ಎದುರಿಗೇ ಇದ್ದವನು, ನೋಡಲೇ ಇಲ್ಲವಲ್ಲ ನಾವು, ಕತ್ತಲೆ ಯಾಕೆ ಮಾಡಿಟ್ಟಿದ್ದೀರ ಅತ್ತಿಗೆ ಅಂತ ಕಿಟಕಿಯ ಪರದೆ ಎಳೆದ, ಏನು ಮಾಡಬೇಕೋ ತಿಳಿಯದವನು ಪರದೆಯನ್ನಾದರೂ ಎಳೆಯುತ್ತಾನೆ, ಆಮೇಲೆ ಇವರ ಎಡಗೈ ಹಿಡಿದುಕೊಂಡ, ತಪ್ಪಾಯ್ತಣ್ಣ, ಎದುರಿಗೆ ಇಡಬಾರದಾಗಿತ್ತು, ಪಕ್ಕದ ಬೀದಿಲಿ ಇಡಬಹುದಾಗಿತ್ತು, ಅಂತ ಅತ್ತ, ನಾದಿನಿ ಬಾಗಿಲಲ್ಲಿ ಅತ್ತಳು, ನಾನೂ ಕಣ್ಣಿಗೆ ಸೆರಗು ಒತ್ತಿಕೊಂಡೆ, ಇನ್ನು ಇವರು ಕಣ್ಣು ಮುಚ್ಚುತ್ತಾರೆಯೇ, ಹೀಗೆಯೇ ಆಗುವುದೇ, ಬೇಡ ದೇವರೇ, ಬೆರಳು ಅಲ್ಲಿಗೇ ಹೋಗುತ್ತಿರಲಿ, ನನಗೆ ಅರ್ಥವಾಗದಿದ್ದರೂ ಹೋಗುತ್ತಿರಲಿ — ಕೈ ಕೊಸರಿತು. ತಮ್ಮನ ಎರಡು ಕೈಗಳ ನಡುವಿನಿಂದ ಜಾರಿಸಿಕೊಂಡು, ಗಿರಾಕಿ ಹೆಚ್ಚು ಹೊತ್ತು ಕೂತರೆ ಬಿಡಿಸಿಕೊಳ್ಳುತ್ತಿದ್ದರಲ್ಲ, ಹಾಗೇ ಬಿಡಿಸಿಕೊಂಡು, ಹಳದಿ ಹೂವು ದಾಟಿ, ಚೌಕಳಿ ದಾಟಿ, ನೀಲಿ. ಒತ್ತಿತು. ಹ್ಞ. ಅಣ್ಣ, ನಾನೇ ಬಂದಿದೀನಲ್ಲ, ಅಂದ ಮೈದುನ, ಇವರು ಅವನ ಕಡೆ ನೋಡಲೂ ಇಲ್ಲ, ನನ್ನನ್ನು ನೋಡಿದರು, ಹುಬ್ಬು ಗಂಟು — ಈ ಗಂಟು ನನಗೆ ಗೊತ್ತು, ಇದು ಸಾಯುವವರ ಮುಖವಲ್ಲ, ಟೀಚರಮ್ಮನನ್ನು ನೆನೆಯುವ ಮುಖವೂ ಅಲ್ಲ, ಇದು ನನ್ನ ಮೇಲಿನ ಸಿಟ್ಟು, ಅಂಗಡಿಯ ಸಿಟ್ಟು, ಬಗ್ಗಿ ನೋಡಿದೆ, ಕಿಟಕಿಯ ಬೆಳಕು ಅಡ್ಡಡ್ಡ ಬೀಳುತ್ತಿದೆ, ನೀಲಿಯ ಮೇಲೆ ಮಾಸಿದ ಸೀಮೆಸುಣ್ಣದ ಗೆರೆ, ಇವರೇ ಎಳೆದದ್ದು, ಗೆರೆ ಎಳೆಯುವುದು ಯಾವಾಗಲೂ ಬಟ್ಟೆಯ ಒಳಮೈಗೆ, ಹೊರಮೈಗೆ ಸುಣ್ಣ ತಾಗಿಸಿದರೆ ಕೈ ಕತ್ತರಿಸ್ತೀನಿ ಅನ್ನುತ್ತಿದ್ದರು ಕಲಿಯಲು ಬಂದವರಿಗೆಲ್ಲ, ಒಳಮೈ ಮೇಲಿದೆ, ನಾನು ಉಲ್ಟಾ ಹೊಲಿದಿದ್ದೇನೆ! ಆ ಮಿಣುಕು ದೀಪದಲ್ಲಿ, ಒಳಗೆ ಇವರು ಬದುಕುತ್ತಾರೋ ಇಲ್ಲವೋ ಅನ್ನುವಾಗ, ಯಾವ ಮೈ ಯಾವುದೆಂದು ಯಾರಿಗೆ ಕಂಡಿತ್ತು. ಉಲ್ಟಾ ಆಗಿದೆ ಅಂತಾನಾ ನೀವು ಇಷ್ಟು ದಿನ, ಅಂದೆ, ನಗು ಬಂತು, ನಗುವಿನ ಹಿಂದೆಯೇ ಇನ್ನೇನೋ ಬಂತು, ಮೈದುನ ಪೆಚ್ಚಾಗಿ ಇಬ್ಬರನ್ನೂ ನೋಡಿದ, ನನ್ನನ್ನ ಕರೆಸಿದ್ದು ಇದಕ್ಕಾ ಅತ್ತಿಗೆ.

ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತೇನೆ, ಕೌದಿ ಇವರ ಮೈಮೇಲೇ ಇರಲಿ, ಮಗ್ಗುಲಲ್ಲಿ ಕೂತೇ ಬಿಚ್ಚುತ್ತೇನೆ, ತುಂಡನ್ನು ಮಗುಚಿದೆ, ಹೊರಮೈಯಲ್ಲಿ ನೇಯ್ಗೆಯ ಆ ಸಣ್ಣ ಬಿಳಿ ಗೆರೆ ಇನ್ನಷ್ಟು ಎದ್ದುಕಂಡಿತು, ಅಂಚು ಒಳಗೆ ಮಡಿಚಿ ಸುತ್ತ ಹೊಲಿದೆ, ನೋಡಿ, ಸರಿಯಾಯ್ತಾ, ಮಾಸ್ಟರೇ, ಮೈದುನ ಉಸಿರು ಹಿಡಿದು ನಿಂತಿದ್ದಾನೆ, ಬೆರಳು ಬಂತು, ಒತ್ತಲಿಲ್ಲ, ತಿರುಗಿತು, ಹೆಬ್ಬೆರಳ ಉಗುರು ಹೊಸ ಹೊಲಿಗೆಯ ಮೇಲೆ ನಿಧಾನವಾಗಿ ಜಾರಿತು, ಇಸ್ತ್ರಿಗೆ ಮೊದಲು ತೀಡುತ್ತಿದ್ದ ಹಾಗೆ, ಈ ಮೂಲೆಯಿಂದ ಆ ಮೂಲೆಗೆ, ಆಯಿತು, ಅರ್ಥವಾಯಿತು, ನನಗೆ ಇವರು ಮತ್ತೆ ಅರ್ಥವಾದರು — ಉಗುರು ನಿಲ್ಲಲಿಲ್ಲ, ಮೂಲೆ ದಾಟಿತು, ಪಕ್ಕದ ಕೆನೆ ಬಣ್ಣದ ತುಂಡಿಗೆ ಹತ್ತಿತು, ನಿಂತಿತು, ತೋರುಬೆರಳು ಇಳಿಯಿತು, ಒತ್ತಿತು, ಹ್ಞ, ಏನ್ರೀ, ಇದು ಸರಿಯಾಗೇ ಇದೆಯಲ್ಲ, ಸುಣ್ಣವಿಲ್ಲ, ಹೊರಮೈಯೇ ಮೇಲಿದೆ, ಹೊಲಿಗೆ ನೆಟ್ಟಗಿದೆ, ಹಾಗಾದರೆ ನೀಲಿಯನ್ನು ಒತ್ತಿದ್ದೂ ಉಲ್ಟಾ ಹೊಲಿದದ್ದಕ್ಕೆ ಅಲ್ಲವೇನೋ, ಯಾರ ಬಟ್ಟೆ ಇದು, ಬೆಳಕಿಗೆ ಬಗ್ಗಿದೆ, ಇನ್ನೂ ಬಗ್ಗಿದೆ, ಕೆನೆ, ಬರೀ ಕೆನೆ, ಅದರ ಮೇಲೆ ಬೆರಳು, ಒತ್ತುತ್ತಿದೆ, ಬೆರಳು