ಡಬ್ಬದ ಮೇಲಿನ ಮುಖ

ಗೋಡೆ ಬರೆಯುವ ನಮ್ಮಂಥವರಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಬ್ರಷ್ಷು ಮುಟ್ಟುವ ಮೊದಲು ಒಂದು ಡಬ್ಬ ಮೈಬಣ್ಣ ಕಲಸಿಟ್ಟುಕೊಳ್ಳುವುದು. ಬಿಳಿ ಮುಕ್ಕಾಲು ಡಬ್ಬ, ಹಳದಿ ಒಂದು ಸೌಟು, ಕೆಂಪು ನಾಲ್ಕು ತೊಟ್ಟು. ಅವತ್ತು ಬರೆಯುವ ಮುಖಗಳಿಗೆಲ್ಲ ಅದೇ. ಲಕ್ಷ್ಮಿಯಾದರೂ ಅದೇ, ಸಿನಿಮಾ ನಟಿಯಾದರೂ ಅದೇ, ಎಲೆಕ್ಷನ್ನಿಗೆ ನಿಂತವರಾದರೂ ಅದೇ. ನನ್ನ ಗುರು ಓಬಣ್ಣ ಹಾಗೆ ಕಲಿಸಿದ್ದ, ನಾನು ಹಾಗೆ ಕಲಿತಿದ್ದೆ. ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ರಸ್ತೆ ಬದಿಯ ಗೋಡೆಗಳ ಮೇಲೆ ನಗುತ್ತಿದ್ದವರೆಲ್ಲ ಒಂದೇ ತಾಯಿ ಹೆತ್ತವರ ಹಾಗೆ ಕಾಣುತ್ತಿದ್ದರು. ಅದು ಸರಿಯಲ್ಲ ಎಂದು ಯಾರೂ ಹೇಳಿರಲಿಲ್ಲ. ಎಂಬತ್ತೆಂಟನೇ ಇಸವಿಯವರೆಗೆ ನನಗೂ ಹೊಳೆದಿರಲಿಲ್ಲ.

ಆ ವರ್ಷ ಹಿಂದೂಪುರದ ಚಂದ್ರಕಾಂತಿ ಕಡಲೆಕಾಯಿ ಎಣ್ಣೆ ಮಿಲ್ಲಿನವರು ಓಟದ ಪಂದ್ಯ ಇಟ್ಟರು. ಲೇಪಾಕ್ಷಿಯಿಂದ ಹಿಂದೂಪುರಕ್ಕೆ, ಸುಮಾರು ಒಂಬತ್ತು ಮೈಲಿ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಓಡುವವರ ಬನಿಯನ್ನಿನ ಮೇಲೆ, ಟೋಪಿಯ ಮೇಲೆ, ನೀರು ಕೊಡುವ ಲೋಟದ ಮೇಲೂ ಕಂಪನಿಯ ಹೆಸರು. ಮಿಲ್ಲಿನ ಏಜೆಂಟರು ನರಸಿಂಹಯ್ಯನವರು ಗೋಡೆ ಕೆಲಸ ನನಗೆ ಒಪ್ಪಿಸಿದರು. ‘ಹೆಂಗಸರಲ್ಲಿ ಗೆದ್ದವರ ಮುಖ ನಮ್ಮ ಎಣ್ಣೆ ಡಬ್ಬದ ಮೇಲೆ. ಅವರಿಗೆ ಕಂಪನಿಯ ಪ್ರಚಾರದಲ್ಲಿ ಪರ್ಮನೆಂಟ್ ಕೆಲಸ’ ಎಂದು ತೆಲುಗಿನಲ್ಲಿ ಒಂದು ಸಾಲು, ಕನ್ನಡದಲ್ಲಿ ಒಂದು ಸಾಲು, ಊರೂರು ತಿರುಗಿ ಬರೆದೆ.

ಸೆಟ್ಟೂರಿನಲ್ಲಿ ಬರೆಯುತ್ತಿದ್ದಾಗ ಏಣಿಯ ಕೆಳಗೆ ಒಬ್ಬಳು ಬಂದು ನಿಂತು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಕುರಿ ಮಂದೆಯ ಎರ್ರಪ್ಪನ ಮಗಳು ಚೌಡಕ್ಕ. ಇಪ್ಪತ್ತು ವರ್ಷ. ಅಪ್ಪನೂ ಅಣ್ಣನೂ ಮಂದೆಯ ಜೊತೆ ದೂರದ ಹೊಲಗಳಲ್ಲೇ ಇಳಿದುಕೊಳ್ಳುತ್ತಿದ್ದರು. ದಿನಾ ಮುದ್ದೆಯ ಗಂಟು ಸೊಂಟಕ್ಕೆ ಕಟ್ಟಿಕೊಂಡು ಅವರಿಗೆ ಊಟ ಒಯ್ಯುವವಳು ಇವಳೇ. ಮುದ್ದೆ ಆರುವುದರೊಳಗೆ ಮುಟ್ಟಬೇಕೆಂದು ಓಡುತ್ತಲೇ ಹೋಗುತ್ತಿದ್ದಳು, ಹೋಗುತ್ತ ಐದು ಮೈಲಿ, ಬರುತ್ತ ಐದು.

“ಅಣ್ಣ, ಇದು ದಿಟವಾ?” ಎಂದಳು.

“ಯಾವುದಮ್ಮ?”

“ಪರ್ಮನೆಂಟ್ ಅಂತ ಬರ್ದಿದ್ದೀಯಲ್ಲ.”

“ಕಂಪ್ನಿಯೋರು ಹೇಳವ್ರೆ, ನಾನು ಬರ್ದಿವ್ನಿ.”

“ಯಾರು ಹೇಳುದ್ರು ಅಂತ ಕೇಳ್ಲಿಲ್ಲ ಕಣಣ್ಣ. ದಿಟವಾ ಅಂತ ಕೇಳ್ದೆ.”

ಪಕ್ಕದಲ್ಲಿ ಅವಳ ತಾಯಿ ಲಕ್ಷ್ಮಕ್ಕ ಎಲೆಅಡಿಕೆ ಹಾಕಿಕೊಂಡು ಕೂತಿದ್ದಳು. “ಇವ್ಳು ಓಡುದ್ರೆ ನಾಯಿನೂ ಹಿಂದೇ ಉಳೀತದೆ ಕಣಪ್ಪ ಸಿದ್ದಪ್ಪ. ಓಡಿ ಏನು ಬಂತು? ಸಂಕ್ರಾಂತಿ ಕಳದ್ರೆ ನಮ್ಮ ಕಡೆಯೋರು ಬೆಂಗ್ಳೂರಿಗೆ ಗಾರೆ ಕೆಲ್ಸಕ್ಕೆ ಹೊರಡ್ತಾರೆ. ಈ ಸಲ ಇವ್ಳನ್ನೂ ಕಳ್ಸಾನ ಅಂತಾವ್ನೆ ಅವ್ರಪ್ಪ.”

“ನಾನು ಗಾರೆ ಹೊರಲ್ಲ,” ಎಂದಳು ಚೌಡಕ್ಕ. “ಗೆದ್ರೆ ಹಿಂದೂಪುರದಾಗೆ ಇರ್ತೀನಿ. ಕೆಲ್ಸ ಮಾಡ್ತೀನಿ, ಬೆಳಗಾನೆ ಎದ್ದು ಓಡ್ತೀನಿ.”

“ಸೋತ್ರೆ?” ಎಂದಳು ಲಕ್ಷ್ಮಕ್ಕ.

“ಸೋತ್ರೆ ಹೋಯ್ತೀನಿ ಬಿಡು ಬೆಂಗ್ಳೂರಿಗೆ.”

ಪಂದ್ಯದ ದಿನ ಅವಳನ್ನೂ ಲಕ್ಷ್ಮಕ್ಕನನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದವನು ನಾನೇ.

ನರಸಿಂಹಯ್ಯನವರು ಬೆಂಗಳೂರಿನ ಯಾವುದೋ ಕಾಲೇಜಿನಿಂದ ಒಬ್ಬ ಆಫ್ರಿಕಾದ ಹುಡುಗನನ್ನು ಕರೆಸಿದ್ದರು. ತಾಂಜಾನಿಯಾ ದೇಶದವನು, ಹೆಸರು ಸ್ಯಾಮುಯೆಲ್. ಅವನೊಬ್ಬ ಬಂದಿದ್ದಕ್ಕೆ ಬ್ಯಾನರಿನ ಮೇಲೆ ‘ಅಂತರರಾಷ್ಟ್ರೀಯ’ ಎಂದು ಸೇರಿಸಿ ಬರೆಯಲು ಹೇಳಿದ್ದರು. ಜನ ಓಟ ನೋಡುವುದಕ್ಕಿಂತ ಅವನನ್ನು ನೋಡಲು ಬಂದಿದ್ದರು. ಒಬ್ಬ ಮುದುಕ ಅವನ ತೋಳನ್ನು ಬೆರಳಿನಿಂದ ತಿಕ್ಕಿ, ಬೆರಳಿಗೇನಾದರೂ ಹತ್ತಿತೋ ಎಂದು ತಿರುಗಿಸಿ ನೋಡಿಕೊಂಡ. ಅದು ಸ್ಯಾಮುಯೆಲ್‌ಗೆ ಹೊಸದಲ್ಲ ಎಂಬುದು ಅವನು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಗಂಡಸರಲ್ಲಿ ಅವನೇ ಗೆದ್ದ. ಎರಡನೆಯವನು ಬರುವಷ್ಟರಲ್ಲಿ ಒಂದು ಸೋಡಾ ಕುಡಿದು ಮುಗಿಸಿದ್ದ. ಹೆಂಗಸರಲ್ಲಿ ಚೌಡಕ್ಕ. ಬರಿಗಾಲು, ಲಂಗದ ಮೇಲೆ ಕಂಪನಿಯ ಬನಿಯನ್ನು, ಎದೆಯ ಮೇಲೆ ಹದಿನಾಲ್ಕನೇ ನಂಬರು. ಅವಳ ಹಿಂದೆ ಕಣ್ಣು ಹಾಯಿಸಿದಷ್ಟು ದೂರ ಬರೀ ರಸ್ತೆ. ಸ್ಯಾಮುಯೆಲ್ ಎದ್ದು ಚಪ್ಪಾಳೆ ತಟ್ಟಿ ಕೈ ಚಾಚಿದ. ಅವಳು ಮೊದಲು ಕೈ ಮುಗಿದಳು, ಆಮೇಲೆ ಏನೋ ಯೋಚಿಸಿ ತಾನೂ ಕೈ ಕೊಟ್ಟಳು.

“ಇಬ್ರದ್ದೂ ಒಂದೇ ಬಣ್ಣ, ಜೋಡಿ ಚೆಂದಾಗೈತೆ,” ಎಂದ ಗುಂಪಿನಲ್ಲಿದ್ದ ಒಬ್ಬ. ಜನ ನಕ್ಕರು.

“ಬಣ್ಣ ನೋಡ್ತಾ ಕುಂತಿದ್ಯಾ ಮಾವ?” ಎಂದಳು ಚೌಡಕ್ಕ, ಇನ್ನೂ ಏದುಸಿರು ಬಿಡುತ್ತಲೇ. “ಓಟ ಯಾವಾಗ ನೋಡ್ದೆ ಮತ್ತೆ?”

ಈ ಸಲ ಅವನನ್ನು ನೋಡಿ ನಕ್ಕರು.

ಸಂಜೆ ನರಸಿಂಹಯ್ಯನವರು ಚೌಡಕ್ಕನ ಫೋಟೋ ಒಂದನ್ನು ನನ್ನ ಕೈಗಿಟ್ಟರು. ಕಪ್ಪುಬಿಳುಪು ಫೋಟೋ. ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನ ಎದುರು ಗೋಡೆಯ ಮೇಲೆ ದೊಡ್ಡದಾಗಿ ಬರೆಯಬೇಕು ಎಂದರು.

“ಆ ಹುಡುಗನ್ದು ಬ್ಯಾಡ್ವಾ ಸಾಮಿ?” ಎಂದೆ.

“ಅವನ್ನ ನೋಡೋಕೆ ಜನ ಬತ್ತಾರಪ್ಪ. ಅವನ ಮುಖ ನೋಡಿ ಎಣ್ಣೆ ಯಾರು ಕೊಳ್ತಾರೆ? ಆ ಅಮ್ಮಾಯಿದಿ ವೇಯಿ, ಚಾಲು.” ಹುಡುಗಿಯದು ಬರಿ, ಸಾಕು.

ಆ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಚೌಡಕ್ಕ ಸ್ಯಾಮುಯೆಲ್‌ಗಿಂತ ಒಂದು ಗುಂಜಿಯಷ್ಟೂ ಬೆಳ್ಳಗಿರಲಿಲ್ಲ. ಅವನನ್ನು ಬೇಡ ಎಂದವರು ನಾಳೆ ಇವಳನ್ನೂ ಬೇಡ ಎಂದರೆ? ನಮ್ಮ ಕಡೆ ಹೆಣ್ಣು ತೋರಿಸಲು ಗಂಡಿನ ಮನೆಗೆ ಕಳಿಸುವ ಫೋಟೋವನ್ನು ಸ್ಟುಡಿಯೋದಲ್ಲಿ ತಿದ್ದಿಸುತ್ತಾರೆ. ಕೆನ್ನೆ ಒಂದಿಷ್ಟು ತಿಳಿ, ಹಣೆ ಒಂದಿಷ್ಟು ತಿಳಿ. ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ, ಹುಡುಗಿಗೆ ಮಾಡುವ ಉಪಕಾರ ಎನ್ನುತ್ತಾರೆ. ನಾನೂ ಅಷ್ಟೇ ಅಂದುಕೊಂಡೆ. ಮೈಬಣ್ಣದ ಡಬ್ಬ ತೆಗೆದೆ. ಅವಳಿಗೆಂದು ಅವತ್ತು ಬಿಳಿ ಒಂದು ಸೌಟು ಜಾಸ್ತಿಯೇ ಹಾಕಿದೆ.

ಗೋಡೆ ಮುಗಿಯಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಮಿಲ್ಲಿನ ಯಜಮಾನರು ಕಾರಿನಲ್ಲಿ ಆ ದಾರಿಯಲ್ಲಿ ಬಂದು, ಇಳಿದು ನಿಂತು ನೋಡಿದರಂತೆ. ಫೋಟೋದವನನ್ನು ಕಳಿಸಿ ಗೋಡೆಯ ಚಿತ್ರದ್ದೇ ಫೋಟೋ ತೆಗೆಸಿ ಡಬ್ಬದ ಮೇಲೆ ಅಚ್ಚು ಹಾಕಿಸಿದರು. ಹತ್ತು ಸಾವಿರ ಡಬ್ಬ. ನಾನು ಹೋಟೆಲಿನಲ್ಲಿ ಕೂತು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡೆ.

ತಿಂಗಳಾದ ಮೇಲೆ ಚೌಡಕ್ಕ ಕೆಲಸಕ್ಕೆ ಸೇರಲೆಂದು ಬಟ್ಟೆ ಗಂಟು ಹಿಡಿದು ಕಲ್ಯಾಣದುರ್ಗಕ್ಕೆ ಬಂದು ಜೀಪಿನಿಂದ ಇಳಿದಳು. ಜೊತೆಗೆ ಹೋಗಲು ನಾನೂ ಕಾದಿದ್ದೆ. ಹಿಂದೂಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವಳು ಗೋಡೆಯ ಕಡೆ ತಲೆ ಎತ್ತಿ ನೋಡಿದಳು.

“ಯಾರಣ್ಣ ಇವ್ಳು?”

“ನೀನೇ ಕಣಮ್ಮ. ನಂಬರು ನೋಡು.”

ಅವಳು ನಂಬರು ನೋಡಿದಳು, ಮುಖ ನೋಡಿದಳು, ಮತ್ತೆ ನಂಬರು ನೋಡಿದಳು. “ಸುಣ್ಣದ ಗುಂಡಿಗೆ ಬಿದ್ದು ಎದ್ದೋಳಂಗವ್ಳೆ,” ಎಂದು ನಕ್ಕಳು. ನಾನೂ ನಕ್ಕೆ.

“ಚೆಂದ ಕಾಣ್ಲಿ ಅಂತ ಕಣಮ್ಮ.”

“ಯಾಕೆ, ನಾನು ಚೆಂದಾಗಿಲ್ವಾ?”

ತಮಾಷೆಗೆ ಕೇಳಿದಳೋ ನಿಜಕ್ಕೂ ಕೇಳಿದಳೋ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು.

ಮಿಲ್ಲಿನ ಆಫೀಸಿನಲ್ಲಿ ಯಜಮಾನರ ಮೇಜಿನ ಮೇಲೆ ಹೊಸ ಡಬ್ಬ ಇತ್ತು. ನರಸಿಂಹಯ್ಯನವರು ಪಕ್ಕದಲ್ಲಿ ನಿಂತಿದ್ದರು. ಯಜಮಾನರು ಒಳ್ಳೆಯ ಮಾತಿನವರೇ. ಲಕ್ಷಣವಾಗಿ ಕೂರಲು ಹೇಳಿ, ಕಾಫಿ ತರಿಸಿ, ಆಮೇಲೆ ಬಾಗಿಲ ಕಡೆ ನೋಡಿದರು.

“ಗೆದ್ದ ಹುಡುಗಿ ಎಲ್ಲಿ? ಬರ್ಲಿಲ್ವಾ?”

“ನಾನೇ ಸಾಮಿ.”

ಯಜಮಾನರು ಅವಳನ್ನು ನೋಡಿದರು. ಡಬ್ಬ ನೋಡಿದರು. ನರಸಿಂಹಯ್ಯನವರನ್ನು ನೋಡಿದರು. ಪಂದ್ಯದ ದಿನ ಅವರು ತಿರುಪತಿಗೆ ಹೋಗಿದ್ದರಂತೆ. ಚೌಡಕ್ಕನನ್ನು ಕಂಡಿದ್ದು ಗೋಡೆಯ ಮೇಲೆ ಮಾತ್ರ.

“ತಪ್ಪು ತಿಳ್ಕೋಬೇಡಮ್ಮ,” ಎಂದರು. “ನನಗೆ ಬಣ್ಣದ ಮೇಲೆ ಏನೂ ಇಲ್ಲ. ನನ್ನನ್ನೇ ನೋಡು, ನಾನೇನು ಬೆಳ್ಳಗಿದ್ದೀನಾ? ಆದರೆ ನಿನ್ನ ಕೆಲಸ ಏನು? ಅಂಗಡಿ ಮುಂದೆ, ಎಗ್ಜಿಬಿಷನ್ನಲ್ಲಿ, ಈ ಡಬ್ಬದ ಪಕ್ಕ ನಿಲ್ಲೋದು. ಜನ ಡಬ್ಬ ನೋಡ್ತಾರೆ, ನಿನ್ನ ನೋಡ್ತಾರೆ. ಇವಳು ಬೇರೆ, ಅವಳು ಬೇರೆ ಅಂತಾರೆ. ಮುಖದಲ್ಲೇ ಮೋಸ ಮಾಡಿದೋರು ಎಣ್ಣೆಯಲ್ಲಿ ಮಾಡಲ್ವಾ ಅಂತಾರೆ.”

ನಾನು ಎದ್ದು ನಿಂತೆ. “ತಪ್ಪು ನಂದು ಸಾಮಿ. ಬಣ್ಣ ತಿಳಿ ಮಾಡ್ದೋನು ನಾನು. ಕೂಲಿ ಬ್ಯಾಡ, ಇನ್ನೊಂದು ಸಲ ಬರ್ಕೊಡ್ತೀನಿ.”

“ಗೋಡೆ ಬರೀಬಹುದಪ್ಪ. ಅಚ್ಚಾದ ಡಬ್ಬ ಏನ್ಮಾಡ್ಲಿ?”

“ಓಡಿದ್ದು ನಾನು ಸಾಮಿ,” ಎಂದಳು ಚೌಡಕ್ಕ.

“ಓಡಿದ್ದಕ್ಕೆ ಬಹುಮಾನದ ಕಪ್ಪು ಕೊಟ್ಟಿದ್ದೀವಲ್ಲಮ್ಮ.”

“ಪರ್ಮನೆಂಟ್ ಅಂತ ಬರ್ದಿತ್ತು. ಈ ಅಣ್ಣಾನೇ ಬರ್ದಿದ್ದು.”

“ಕೆಲಸ ಇಲ್ಲ ಅಂದ್ನಾ ನಾನು? ಶೆಡ್ಡಿನಲ್ಲಿ ಬೀಜ ಹಸನು ಮಾಡೋ ಕೆಲಸ ಇದೆ. ಸದ್ಯಕ್ಕೆ ದಿನಗೂಲಿ. ಅದೂ ಕಂಪನಿ ಕೆಲಸವೇ.”

ಅವಳು ಎದ್ದು ಹೊರಟುಬಿಡುತ್ತಾಳೆ ಎಂದುಕೊಂಡೆ. ಹೊರಡಲಿ ಎಂದೂ ಆಸೆಪಟ್ಟೆ. ಆದರೆ ಹೊರಗೆ ಹೋದರೆ ಊರು, ಊರಿಗೆ ಹೋದರೆ ಬೆಂಗಳೂರು, ಗಾರೆ. ಅವಳು ಕಾಲ ಬಳಿ ಇಟ್ಟಿದ್ದ ಬಟ್ಟೆ ಗಂಟನ್ನೇ ನೋಡುತ್ತ ಕೂತಿದ್ದಳು.

“ಶೆಡ್ಡು ಎಷ್ಟೊತ್ತಿಗೆ ತೆಗೀತಾರೆ?” ಎಂದಳು.

ಮುಂದಿನ ವಾರವೇ ಪ್ರಚಾರದ ಕೆಲಸಕ್ಕೆ ಮಂಗಳಗೌರಿ ಎಂಬ ಹುಡುಗಿ ಬಂದಳು. ಹಿಂದೂಪುರದವಳು, ಕಾಲೇಜು ಓದುತ್ತಿದ್ದವಳು, ಅದೇ ಪಂದ್ಯದಲ್ಲಿ ಏಳನೆಯವಳಾಗಿ ಬಂದಿದ್ದವಳು. ನನ್ನ ಗೋಡೆಯ ಚಿತ್ರವನ್ನು ಅವಳು ತಕ್ಕಮಟ್ಟಿಗೆ ಹೋಲುತ್ತಿದ್ದಳು. ಹದಿನಾಲ್ಕನೇ ನಂಬರಿನ ಬನಿಯನ್ನು ಸೀರೆಯ ಮೇಲೆ ತೊಡಿಸಿ ಅಂಗಡಿ ಮುಂದೆ ನಿಲ್ಲಿಸಿದ್ದರು. ನನ್ನನ್ನು ಕಂಡು ಕರೆದಳು.

“ಅಣ್ಣ, ಇದು ಆ ಸೆಟ್ಟೂರು ಅಕ್ಕಂದು ಅಲ್ವಾ?”

“ಹೂಂ.”

“ನಾನು ಒಲ್ಲೆ ಅಂದೆ. ನೀನು ಒಲ್ಲೆ ಅಂದ್ರೆ ಇನ್ನೊಬ್ಬಳು ಅಂದ್ರು.” ಬನಿಯನ್ನಿನ ಅಂಚು ಎಳೆದುಕೊಂಡಳು. “ಅವರಿಗೆ ಹೇಳಬೇಡಿ ಅಣ್ಣ, ನಾನು ಕೇಳಿದೆ ಅಂತ.”

ಒಂದು ಬೆಳಿಗ್ಗೆ ಕಲ್ಯಾಣದುರ್ಗದಲ್ಲಿ ಏಣಿ ಹಾಕಿದೆ. ಮೈಬಣ್ಣದ ಡಬ್ಬ ಮುಟ್ಟಲಿಲ್ಲ. ಕಾವಿ, ಕಪ್ಪು, ಒಂದಿಷ್ಟು ಹಳದಿ ಬೇರೆಯೇ ಕಲಸಿ, ಮಧ್ಯಾಹ್ನದ ಹೊತ್ತಿಗೆ ಚೌಡಕ್ಕನ ಮುಖವನ್ನು ಅದು ಇದ್ದ ಹಾಗೆ ಬರೆದು ಮುಗಿಸಿದೆ. ಇಪ್ಪತ್ತು ವರ್ಷದಲ್ಲಿ ನಾನು ಬರೆದ ಮೊದಲನೇ ನಿಜವಾದ ಮುಖ ಅದು. ಬಸ್ಸಿಗೆ ಕಾಯುತ್ತಿದ್ದವರು ನೋಡಿದರು. ಪೋತಪ್ಪ ಎಂಬ ಆಟೋದವನು ಮಾತ್ರ, “ಇದು ನಮ್ಮ ಎರ್ರಪ್ಪನ ಮಗಳಲ್ವೇನ್ಲಾ,” ಎಂದು ಪಕ್ಕದವನಿಗೆ ತೋರಿಸಿದ.

ಸಂಜೆಯೊಳಗೆ ನರಸಿಂಹಯ್ಯನವರು ಸ್ಕೂಟರಿನಲ್ಲಿ ಬಂದು ಸುಣ್ಣ ಹೊಡೆಸಿದರು. ನನ್ನನ್ನು ಬೈಯಲಿಲ್ಲ. “ನಿನ್ನ ಕೆಲಸ ಇವತ್ತಿಗೆ ಮುಗೀತಪ್ಪ ಸಿದ್ದಪ್ಪ,” ಎಂದಷ್ಟೇ ಹೇಳಿದರು. ಅದು ನನಗೆ ಸರಿಯಾಗಿಯೇ ಕಂಡಿತು. ಮನಸ್ಸು ಹಗುರವಾಯಿತು ಎಂದೂ ಅನ್ನಿಸಿತು. ಹಗುರವಾದ ಮನಸ್ಸಿನಲ್ಲೇ ಎರಡು ದಿನ ಬಿಟ್ಟು ಹಿಂದೂಪುರಕ್ಕೆ ಹೋಗಿ ಮಿಲ್ಲಿನ ಗೇಟಿನ ಬಳಿ ಚೌಡಕ್ಕನಿಗೆ ಸುದ್ದಿ ಹೇಳಿದೆ.

ಅವಳಿಗೆ ಆಗಲೇ ಗೊತ್ತಿತ್ತು.

“ನಿನ್ನ ಯಾರು ಕೇಳಿದ್ರಣ್ಣ ಬರಿ ಅಂತ?” ಎಂದಳು. “ನಾನೇ ಹೇಳಿ ಬರೆಸ್ದೆ ಅಂತ ಆಫೀಸಿಗೆ ಕರೆದು ಉಗುದ್ರು. ಬೀಜ ಹಸನು ಮಾಡೋ ಕಡೆಯಿಂದ ತೆಗೆದು ಕಾಯಿ ಒಡೆಯೋ ಮಿಷನ್ ತಾವ ಹಾಕವ್ರೆ.”

“ನಾನು ನಿನಗೆ ಒಳ್ಳೇದಾಗ್ಲಿ ಅಂತ...”

“ಆ ಸಲನೂ ಒಳ್ಳೇದಾಗ್ಲಿ ಅಂತಾನೇ ಬರ್ದೆ.”

ಕಾಯಿ ಒಡೆಯುವ ಮಿಷನ್ನಿನ ಮನೆ ಹೇಗಿರುತ್ತದೆಂದು ನೋಡದವರಿಗೆ ಹೇಳುವುದು ಕಷ್ಟ. ಸಿಪ್ಪೆ ಪುಡಿಯಾಗಿ ಹೊಗೆಯ ಹಾಗೆ ಏಳುತ್ತದೆ, ಇಳಿಯುವುದೇ ಇಲ್ಲ. ಎದುರಿಗಿದ್ದವರ ಮುಖ ಕಾಣುವುದಿಲ್ಲ. ಹೊರಗೆ ಬಂದವರು ಮಾತಾಡುವ ಮೊದಲು ಕೆಮ್ಮುತ್ತಾರೆ.

ಮರುವರ್ಷ ಅದೇ ತಿಂಗಳು ಮತ್ತೆ ಪಂದ್ಯ ಗೊತ್ತಾಯಿತು. ಗೋಡೆಗಳನ್ನು ಅನಂತಪುರದ ಯಾರೋ ಬರೆದರು. ನಾನು ಊಟದ ಹೊತ್ತಿಗೆ ಮಿಲ್ಲಿನ ಗೇಟಿಗೆ ಹೋದೆ. ಚೌಡಕ್ಕ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದಳು. ತಲೆಗೂದಲು, ಹುಬ್ಬು, ಕೈ ಎಲ್ಲ ಸಿಪ್ಪೆಯ ಧೂಳು. ಸಿಟ್ಟು ಇಳಿದಿತ್ತು, ಅಥವಾ ಸಿಟ್ಟಿಗೆ ಪುರುಸೊತ್ತಿರಲಿಲ್ಲ.

“ಬಾರಣ್ಣ, ಉಂಡ್ಯಾ?”

“ಉಂಡೆ ಕಣಮ್ಮ,” ಎಂದೆ. ಉಂಡಿರಲಿಲ್ಲ. “ಈ ಸಲ ಓಡಲ್ವಾ? ಗೆದ್ರೆ ಅವ್ರ ಬಾಯಿ ಮುಚ್ಚುತ್ತೆ. ರಜಾ ಕೇಳು.”

ಅವಳು ಮುದ್ದೆ ಮುರಿದು ಸಾರಿಗೆ ಅದ್ದಿದಳು. ನುಂಗಿ, ಕೆಮ್ಮು ಬಂದು, ಕೆಮ್ಮು ನಿಲ್ಲುವವರೆಗೆ ಕಾದಳು.

“ಮೊನ್ನೆ ಊರಿಗೆ ಹೋಗಾಕೆ ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸು ಹೊರಟ್ಬುಟ್ಟಿತ್ತು. ಓಡುದ್ರೆ ಹಿಡೀಬೋದು ಅಂತ ಓಡ್ದೆ. ಎರಡು ಲೈಟು ಕಂಬ ದಾಟೋಕಾಗ್ಲಿಲ್ಲ ಕಣಣ್ಣ.”

“ಆಮೇಲೆ?”

“ಆಮೇಲೇನು. ಬಸ್ಸು ಹೋಯ್ತು.”

ಮಿಲ್ಲಿನ ಸೈರನ್ ಕೂಗಿತು. ಅವಳು ಬುತ್ತಿ ಮುಚ್ಚಿ, ಸೆರಗಿನ ತುದಿಯನ್ನು ಮೂಗಿಗೂ ಬಾಯಿಗೂ ಸುತ್ತಿ ಕಟ್ಟಿಕೊಂಡಳು. ಗೇಟಿನವನು ಹೊತ್ತಾಯಿತೆಂದು ಕೂಗುತ್ತ ಒಂದು ಬಾಗಿಲು ಹಾಕಿಯೇಬಿಟ್ಟಿದ್ದ. ಉಳಿದ ಹೆಂಗಸರೆಲ್ಲ ಸೀರೆ ಎತ್ತಿ ಹಿಡಿದು ಓಡಿದರು. ಚೌಡಕ್ಕ ಒಂದು ಕೈಯಿಂದ ಪಕ್ಕೆ ಹಿಡಿದುಕೊಂಡು, ಎಲ್ಲರ ಹಿಂದೆ ನಡೆದು ಹೋದಳು.